ಚಿತ್ರ ನೋಡುವುದನ್ನೂ ಕಲಿಸಬೇಕಾ?

ಪ್ರಶ್ನೆ: ಮಗಳು ಐದನೇ ಕ್ಲಾಸು. ಪಾಠದಲ್ಲಿ ಚಿತ್ರ, ನಕ್ಷೆ, ಗ್ರಾಫ್ ಬಂದರೆ ಹಾರಿಸಿಬಿಡುತ್ತಾಳೆ. ಚಿತ್ರ ಹೇಗೂ ನೋಡಿದ ಕೂಡಲೇ ಅರ್ಥವಾಗುತ್ತದೆ, ಅದನ್ನೂ ಕೂತು ಕಲಿಸಬೇಕಾ?

ಉತ್ತರ: ಕಲಿಸಬೇಕು. ನೋಡಿದ ಕೂಡಲೇ ಅರ್ಥವಾಯಿತು ಅನ್ನಿಸುತ್ತದಲ್ಲ, ತೊಂದರೆ ಇರುವುದೇ ಅಲ್ಲಿ.

ಬಿಸ್ಕೆಟ್ ಪ್ಯಾಕೆಟ್ ಮೇಲೆ ಹಸಿರು ಚೌಕ, ಒಳಗೆ ಹಸಿರು ಚುಕ್ಕೆ. ಸಸ್ಯಾಹಾರ ಅಂತ ಮಗುವಿಗೂ ಗೊತ್ತು. ಈಗ ಬೆಳೆಗೆ ಹೊಡೆಯುವ ಔಷಧಿ ಬಾಟಲಿ ನೋಡಿ. (ಮಕ್ಕಳಿಗೆ ದೂರದಿಂದಲೇ ತೋರಿಸಿ.) ಲೇಬಲ್ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಹಾಗೆ ಒಂದು ಚೌಕ, ಅದರೊಳಗೆ ಮೇಲೊಂದು, ಕೆಳಗೊಂದು ತ್ರಿಕೋನ. ಕೆಳಗಿನದರಲ್ಲಿ ಬಣ್ಣ, ಮೇಲಿನದರಲ್ಲಿ ಎಚ್ಚರಿಕೆ. ಕೆಂಪು ಇದ್ದರೆ ಎಲ್ಲಕ್ಕಿಂತ ಘೋರ ವಿಷ, ತಲೆಬುರುಡೆ ಗುರುತೂ ಇರುತ್ತದೆ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಇಲ್ಲಿ ಹಸಿರು ಅಂದರೆ 'ಪರವಾಗಿಲ್ಲ' ಅಂತಲ್ಲ. ಇದೂ ವಿಷವೇ, ಉಳಿದ ಮೂರಕ್ಕಿಂತ ಕಡಿಮೆ, ಅಷ್ಟೇ. ಹಳದಿ ಜಾಸ್ತಿ ವಿಷವೋ ನೀಲಿಯೋ ಅಂತ ಬರೀ ಬಣ್ಣ ನೋಡಿ ಊಹಿಸಲು ಯಾರಿಗೆ ತಾನೇ ಆಗುತ್ತದೆ? ಯಾರಾದರೂ ಹೇಳಿಕೊಡಬೇಕು.

ಗುರುತು ಮಾಡಿದವರೂ ಎಡವುತ್ತಾರೆ. ಮೊದಲು ಮಾಂಸಾಹಾರದ ಗುರುತೂ ದುಂಡನೆಯ ಚುಕ್ಕೆಯೇ ಆಗಿತ್ತು, ಬಣ್ಣ ಮಾತ್ರ ಕಂದು. ಹಸಿರು, ಕೆಂಪು ಬೇರೆ ಬೇರೆಯಾಗಿ ಕಾಣದವರಿಗೆ ಎರಡೂ ಒಂದೇ ಥರ. 2020ರ ಆಹಾರ ಲೇಬಲ್ ನಿಯಮದಲ್ಲಿ ಅದು ಕಂದು ತ್ರಿಕೋನವಾಯಿತು. ಈಗ ಬಣ್ಣ ಕಾಣದಿದ್ದರೂ ಆಕಾರ ಹೇಳುತ್ತದೆ.

ಇವರದ್ದು ಎಡವಟ್ಟು. ಬೇಕಂತಲೇ ಕಣ್ಣು ತಪ್ಪಿಸುವವರೂ ಇದ್ದಾರೆ, ಅದಕ್ಕೆ ಗ್ರಾಫಿನಷ್ಟು ಸಲೀಸು ಸಾಧನ ಇನ್ನೊಂದಿಲ್ಲ. ಒಬ್ಬರಿಗೆ 48, ಇನ್ನೊಬ್ಬರಿಗೆ 50 ಅಂತಿಟ್ಟುಕೊಳ್ಳಿ. ಕಂಬಗಳು ಸೊನ್ನೆಯಿಂದ ಎದ್ದರೆ ಹೆಚ್ಚುಕಡಿಮೆ ಸಮ. ಬುಡವನ್ನು 47ಕ್ಕೆ ಇಟ್ಟರೆ ಒಂದು ಕಂಬ ಗ್ರಾಫ್ ಹಾಳೆಯ ಒಂದು ಚೌಕದಷ್ಟು ಎತ್ತರ, ಇನ್ನೊಂದು ಮೂರು ಚೌಕದಷ್ಟು. ಸುಳ್ಳು ಅಂಕಿ ಒಂದೂ ಇಲ್ಲ, ಆದರೂ ನೋಡಿದವರು ಮೋಸ ಹೋದರು! ಹಾಗಾಗಿ ಗ್ರಾಫಿನಲ್ಲಿ ನಾನು ಮೊದಲು ನೋಡುವುದು ಕಂಬದ ತಲೆಯನ್ನಲ್ಲ, ಬುಡವನ್ನು.

ವಾಟ್ಸಾಪಿನಲ್ಲಿ ಬರುವ ಫೋಟೋಗೂ ಇದೇ ಅಭ್ಯಾಸ ಸಾಕು. 'ನಮ್ಮೂರ ನೆರೆ' ಅಂತ ಬಂದ ಫೋಟೋದಲ್ಲಿ ಅಂಗಡಿ ಬೋರ್ಡು ಯಾವ ಲಿಪಿಯಲ್ಲಿದೆ, ಗಾಡಿಯ ನಂಬರ್ ಪ್ಲೇಟು ಯಾವ ರಾಜ್ಯದ್ದು ಅಂತ ಒಂದು ಸಲ ನೋಡಿದರಾಯಿತು.

ಮಗಳಿಗೆ ಪಾಠದ ಥರ ಹೇಳಬೇಡಿ, ಓಡಿಹೋಗುತ್ತಾಳೆ. ಒಂದು ಗ್ರಾಫ್ ಹಾಳೆ ಕೊಡಿ. ಅದೇ 48, 50ನ್ನು ಸೊನ್ನೆಯಿಂದ ಒಮ್ಮೆ, 47ರಿಂದ ಒಮ್ಮೆ ಬಿಡಿಸಲಿ. ಆಮೇಲೆ ಎರಡನೆಯದನ್ನು ಮಾತ್ರ ಅಜ್ಜಿಗೆ ತೋರಿಸಿ, ಯಾರು ಎಷ್ಟು ಮುಂದಿದ್ದಾರೆ ಅಂತ ಕೇಳಲಿ.