ಕಿರ್ದಿಯಲ್ಲಿ ಬರೆಯದ ತಪ್ಪು ಯಾರ ಲೆಕ್ಕಕ್ಕೆ?

ಮುಂಬಯಿಯ ಮಾಟುಂಗದಲ್ಲಿ ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂತಾಗ ನನಗೆ ಹದಿನೇಳು ವರ್ಷ. ಸಂಜೆ ದುಡ್ಡು ಎಣಿಸಿ ಒಪ್ಪಿಸಿ, ಫೋರ್ಟಿನ ನೈಟ್ ಸ್ಕೂಲಿಗೆ ಓಡಬೇಕು. ಒಂದು ದಿನ 40 ರೂಪಾಯಿ ಕಡಿಮೆ ಬಂತು. ಹುಡುಕೋಕೆ ಹೊತ್ತಿಲ್ಲ, ಹೇಳೋಕೆ ಧೈರ್ಯ ಇಲ್ಲ. ದಿನದ ಲೆಕ್ಕ ಬರೆಯುವ ಕಿರ್ದಿಯಲ್ಲಿ ತರಕಾರಿ ಖರ್ಚಿಗೆ 40 ಜಾಸ್ತಿ ಬರೆದು ಟ್ರೈನ್ ಹಿಡಿದೆ.

ಮರುದಿನ ಮಾವ ಬೈಯಲಿಲ್ಲ. ಕನ್ನಡಕ ಏರಿಸಿ, ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಅಲ್ಲ ಮಾರಾಯ, ಇದನ್ನು ತರಕಾರಿಯವನ ಮೇಲೆ ಯಾಕೆ ಹಾಕಿದೆ? ನಾಳೆ ಅವನ ಹತ್ತಿರ ಜಗಳ ಮಾಡುವುದು ನಾನಲ್ವಾ?"

ತಪ್ಪು ಒಪ್ಪಿಕೊಳ್ಳುವುದನ್ನು ಅಧ್ಯಾತ್ಮ ಸಾಧನೆಯ ಭಾಗ ಅಂತ ಹೇಳಿದವರನ್ನು ಓದುವಾಗೆಲ್ಲ ನನಗೆ ಆ ಬೆರಳು ನೆನಪಾಗುತ್ತದೆ. ಅದಕ್ಕೆ ಕಾರಣವೂ ಇದೆ. ಈ ಮಾತು ಹೇಳಿದವರಲ್ಲಿ ಎಷ್ಟೋ ಜನ ಕಾಡಿನಲ್ಲಿ ಕೂತ ಮುನಿಗಳಲ್ಲ. ಅಂಗಡಿ ಇಟ್ಟವರು, ಲೆಕ್ಕ ಬರೆದವರು.

ಬಸವಣ್ಣನಿಂದಲೇ ಶುರು ಮಾಡೋಣ. 12ನೇ ಶತಮಾನದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡವರು. ಅವರು ಕೆಲಸ ಮಾಡಿದ ಮಂಗಳವೇಢೆ ಈಗ ಸೊಲ್ಲಾಪುರ ಜಿಲ್ಲೆಯಲ್ಲಿದೆ. "ಎನ್ನ ಚಿತ್ತವು ಅತ್ತಿಯ ಹಣ್ಣು ನೋಡಯ್ಯಾ" ಅಂದರು. ಅತ್ತಿ ಹಣ್ಣು ಬಿಡಿಸಿ ನೋಡಿದವರಿಗೆ ಗೊತ್ತು. ಹೊರಗೆ ಕೆಂಪಗೆ ಚೆಂದ, ಒಳಗೆ ಹುಳ. ಇದನ್ನು ಹೇಳಿದ್ದು ರಾಜ್ಯದ ಖಜಾನೆ ಕೈಯಲ್ಲಿದ್ದ ಮನುಷ್ಯ, ಅದೂ ನಾಲ್ಕು ಜನರ ಎದುರಿಗೆ. ಇವತ್ತು ಯಾವ ಮಂತ್ರಿ ಹೇಳಿಯಾನು?

ಪುರಂದರದಾಸರು 16ನೇ ಶತಮಾನದವರು. ಅವರ ಹುಟ್ಟೂರು ಪುಣೆ ಹತ್ತಿರದ ಪುರಂದರಗಡ ಅಂತ ಒಂದು ವಾದ, ತೀರ್ಥಹಳ್ಳಿ ಕಡೆ ಅಂತ ಇನ್ನೊಂದು. ಆ ಜಗಳ ಇಲ್ಲಿ ಬೇಡ. ವ್ಯಾಪಾರಿ, ಜಿಪುಣ, ಮೂಗುತಿಯ ಕಥೆ ಎಲ್ಲರಿಗೂ ಗೊತ್ತು. ದಾಸರಾದ ಮೇಲೂ ಅವರ ಬಾಯಲ್ಲಿ ಅಂಗಡಿಯ ಭಾಷೆ ಹೋಗಲಿಲ್ಲ. ಮನವ ಶೋಧಿಸಬೇಕು ನಿಚ್ಚ ಅಂತ ಶುರು ಮಾಡಿ, ದಿನದಿನದ ಪಾಪಪುಣ್ಯದ 'ವೆಚ್ಚ' ನೋಡಿಕೊಳ್ಳಿ ಅಂತಾರೆ. ವರ್ಷಕ್ಕೊಮ್ಮೆ ದೀಪಾವಳಿಗೆ ಅಲ್ಲ, ನಿಚ್ಚ. ರಾತ್ರಿ ಶಟರ್ ಎಳೆಯುವ ಮುಂಚೆ.

ಮರಾಠಿ ಕಡೆ ಸಂತ ಏಕನಾಥರದ್ದೊಂದು ಕಥೆ ಇದೆ. ಗುರು ಜನಾರ್ದನಸ್ವಾಮಿ ದೇವಗಿರಿ ಕೋಟೆಯಲ್ಲಿ ಅವರಿಗೆ ಲೆಕ್ಕದ ಕೆಲಸ ಕೊಟ್ಟಿದ್ದರು. ಒಂದು ಪೈ ತಾಳೆ ಆಗಲಿಲ್ಲ. ಇಡೀ ರಾತ್ರಿ ದೀಪ ಉರಿಸಿ ಹುಡುಕಿದರು. ಸಿಕ್ಕಾಗ ಖುಷಿಯಿಂದ ಚಪ್ಪಾಳೆ ತಟ್ಟಿದರು. ಗುರು ಎದ್ದು ಬಂದು ಹೇಳಿದರಂತೆ: ಒಂದು ಪೈ ತಪ್ಪು ಸಿಕ್ಕಿದ್ದಕ್ಕೇ ಇಷ್ಟು ಸಂತೋಷ, ಬದುಕಿನ ತಪ್ಪು ಸಿಕ್ಕರೆ ಇನ್ನೆಷ್ಟು! ನಡೆದದ್ದೋ ಕಟ್ಟಿದ್ದೋ, ನನಗೆ ಇಷ್ಟವಾಗುವುದು ಆ ಚಪ್ಪಾಳೆ. ತಪ್ಪು ಸಿಕ್ಕರೆ ನಾವು ತಲೆ ತಗ್ಗಿಸುತ್ತೇವೆ. ಲೆಕ್ಕದವನು ಹಾಗಲ್ಲ, ಅಬ್ಬ ಸಿಕ್ಕಿತು ಅಂತಾನೆ.

ತುಕಾರಾಮರ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಅವರ ಊರು ದೇಹೂ ಪುಣೆಯಿಂದ ಸುಮಾರು 30 ಕಿ.ಮೀ. ನಿಗಡಿ, ಚಿಂಚವಡದಲ್ಲಿ ಕಾರ್ಖಾನೆ ಕೆಲಸಕ್ಕೆ ಬಂದ ಕನ್ನಡದವರಿಗೆ ಅದು ಭಾನುವಾರ ಹೋಗಿಬರುವ ಊರು. ತುಕಾರಾಮರದ್ದು ದಿನಸಿ ವ್ಯಾಪಾರ, ಲೇವಾದೇವಿಯ ಮನೆ. 1630ರ ಹೊತ್ತಿನ ಬರದಲ್ಲಿ ಎಲ್ಲ ಮುಳುಗಿತು. ತಮ್ಮ ಕಥೆ ತಾವೇ ಹೇಳುವ ಅಭಂಗವೊಂದರಲ್ಲಿ, ಅಂದರೆ ಮರಾಠಿ ಭಕ್ತಿಪದದಲ್ಲಿ, ಅವರು ಏನನ್ನೂ ಮುಚ್ಚುವುದಿಲ್ಲ. ವ್ಯಾಪಾರ ನಷ್ಟವಾಯಿತು, ಮಾನ ಹೋಯಿತು, ಒಬ್ಬ ಹೆಂಡತಿ ಅನ್ನ ಅನ್ನ ಅನ್ನುತ್ತಲೇ ಸತ್ತಳು. ಏಕಾದಶಿಗೆ ಕೀರ್ತನೆ ಶುರು ಮಾಡಿದೆ, ಆದರೆ ಮೊದಮೊದಲು ಮನಸ್ಸು ಅಭ್ಯಾಸದಲ್ಲಿ ಇರಲಿಲ್ಲ ಅಂತಲೂ ಸೇರಿಸುತ್ತಾರೆ. ಸಂತ ಅನ್ನಿಸಿಕೊಂಡವರು ಇಂಥದ್ದನ್ನು ಹೇಳದೆ ಬಿಡಬಹುದಿತ್ತು. ಯಾರು ಕೇಳಿದ್ದರು? ಜನ ಕೊಡಬೇಕಿದ್ದ ಸಾಲದ ಪತ್ರಗಳಲ್ಲಿ ತಮ್ಮ ಪಾಲನ್ನು ಅವರು ಇಂದ್ರಾಯಣಿ ನದಿಗೆ ಎಸೆದರು ಅನ್ನುವುದು ಪ್ರತೀತಿ. ಊರಿನವರ ಬಾಕಿ ನೀರಿಗೆ ಹೋಯಿತು, ತಮ್ಮ ಬಾಕಿ ಅಭಂಗದಲ್ಲಿ ಉಳಿಯಿತು.

ತುಕಾರಾಮರ ಈ ಒದ್ದಾಟವನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ನಮ್ಮವರೂ ಇದ್ದಾರೆ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವರು. ಮಹಾರಾಷ್ಟ್ರದ ಸಂತರ ಬಗ್ಗೆ 1933ರಲ್ಲಿ ಅವರ ಪುಸ್ತಕ ಬಂತು. ಸ್ಪೇನಿನ ಕ್ರೈಸ್ತ ಸಂತರು 'ಆತ್ಮದ ಕತ್ತಲ ರಾತ್ರಿ' ಅನ್ನುತ್ತಿದ್ದ ಹಂತವನ್ನು ರಾನಡೆ ತುಕಾರಾಮರಲ್ಲಿ ಗುರುತಿಸಿದರು. ತನ್ನ ಕೊರತೆ ಕಾಣುವುದು ದಾರಿ ತಪ್ಪಿದ್ದಕ್ಕೆ ಗುರುತಲ್ಲ, ದಾರಿಯೇ ಅಲ್ಲಿಂದ ಹಾದು ಹೋಗುತ್ತದೆ ಅನ್ನುವ ಓದು ಅದು.

ಗಾಂಧಿಯೂ ವ್ಯಾಪಾರಿ ಜಾತಿಯವರೇ. ಹುಡುಗನಾಗಿದ್ದಾಗ ಅಣ್ಣನ ಸುಮಾರು 25 ರೂಪಾಯಿ ಸಾಲ ತೀರಿಸಲು ಅಣ್ಣನದೇ ತೋಳಿನ ಕಡಗದಿಂದ ಚಿನ್ನ ಕತ್ತರಿಸಿದ್ದರು. ಆಮೇಲೆ ಚೀಟಿ ಬರೆದು, ಕಾಯಿಲೆ ಮಲಗಿದ್ದ ಅಪ್ಪನ ಕೈಗೆ ಕೊಟ್ಟರು. ಶಿಕ್ಷೆಯನ್ನೂ ಕೇಳಿದ್ದರು. ಆತ್ಮಕಥೆಯನ್ನು ಪುಣೆಯ ಯೆರವಡಾ ಜೈಲಿನಲ್ಲೇ ಮುಗಿಸುವ ಆಸೆ ಅವರಿಗಿತ್ತು. 1924ರಲ್ಲಿ ಅವಧಿಗೆ ಮುಂಚೆ ಬಿಡುಗಡೆ ಆಗಿ ಅದು ತಪ್ಪಿತು. ಮುಂದೆ ಅದು ವಾರವಾರ ಪತ್ರಿಕೆಯಲ್ಲಿ ಬಂದಾಗ ಆ 25 ರೂಪಾಯಿಯೂ ಅದರೊಳಗಿತ್ತು.

ಇದಕ್ಕೆ ಉಲ್ಟಾ ದಾರಿಯೂ ಇದೆ, ಬೇರೆಯವರು ಹೇಳಿಸುವುದು. ಕ್ಯಾಥೊಲಿಕ್ ಚರ್ಚು 1215ರಲ್ಲಿ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಕಡ್ಡಾಯ ಮಾಡಿತು. ಪಾದ್ರಿಯ ಎದುರು ಮಂಡಿಯೂರಿ ಮನಸ್ಸು ಹಗುರ ಮಾಡಿಕೊಂಡವರು ಗೋವಾದಲ್ಲಿ ಬೇಕಾದಷ್ಟಿದ್ದಾರೆ, ಅದು ನಿಜ. ಆದರೆ ಅದೇ ಗೋವಾದಲ್ಲಿ 1560ರಲ್ಲಿ ಬಂದ ಇನ್ಕ್ವಿಸಿಷನ್, ಅಂದರೆ ಚರ್ಚಿನ ವಿಚಾರಣಾ ಕೋರ್ಟು, 1812ರವರೆಗೆ ಜನರ ಬಾಯಿ ಬಿಡಿಸಿತು. ಮಾವನ ಕಿರ್ದಿ ಅದಲ್ಲ. ಅದು ಪೊಲೀಸ್ ಪಂಚನಾಮೆ.

ಸುಮ್ನೆ 'ನಾನು ಪಾಪಿ' ಅನ್ನುವುದರ ಮೇಲೂ ಸಿಟ್ಟು ಬಂದದ್ದುಂಟು. 1893ರಲ್ಲಿ ಷಿಕಾಗೊದಲ್ಲಿ ವಿವೇಕಾನಂದರು, ಮನುಷ್ಯನನ್ನು ಪಾಪಿ ಅನ್ನುವುದೇ ಪಾಪ ಅಂದರು. ಅವರ ಮಾತು ನನಗೆ ಒಪ್ಪಿಗೆ, ಆದರೆ ಕಾರಣ ಬೇರೆ. ಪ್ರದಕ್ಷಿಣೆ ಹಾಕುತ್ತಾ 'ಪಾಪೋಹಂ ಪಾಪಕರ್ಮಾಹಂ' ಅನ್ನೋಕೆ ಏನೂ ಖರ್ಚಿಲ್ಲ. ಒಟ್ಟು ಪಾಪದಲ್ಲಿ ಬಿಡಿ ತಪ್ಪು ಹಾಯಾಗಿ ಅಡಗಿ ಕೂರುತ್ತದೆ. ಜೈನರು ಕ್ಷಮೆ ಕೇಳುವ ಸಂವತ್ಸರಿ ದಿನ ನಮ್ಮ ಬಿಲ್ಡಿಂಗಿನ ಜೈನ ಮನೆಗಳಿಂದ 'ಮಿಚ್ಛಾಮಿ ದುಕ್ಕಡಂ' ಅಂತ ಮೆಸೇಜ್ ಬರುತ್ತದೆ. ಒಬ್ಬ ಅಜ್ಜ ಮಾತ್ರ ಮೆಟ್ಟಿಲು ಹತ್ತಿ ಬಂದು, ಮಾರ್ಚಿನಲ್ಲಿ ನೀರಿನ ಟ್ಯಾಂಕಿನ ವಿಷಯಕ್ಕೆ ನಿಮ್ಮ ಮೇಲೆ ರೇಗಿದ್ದೆ, ಕ್ಷಮಿಸಿ ಅಂದರು. ನಾನು ಅದನ್ನು ಮರೆತೇಬಿಟ್ಟಿದ್ದೆ. ಅವರು ಮರೆತಿರಲಿಲ್ಲ.

ಕಳೆದ ನೂರು ವರ್ಷದಲ್ಲಿ ಈ ಲೆಕ್ಕದ ಪುಸ್ತಕ ದೇವಸ್ಥಾನದಿಂದ ಹೊರಗೆ ಬಂತು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಷೇರುಪೇಟೆಯ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಸೇರಿ ಕುಡಿತ ಬಿಡುವವರ ಗುಂಪು ಕಟ್ಟಿದರು. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್. 12 ಹೆಜ್ಜೆಗಳಲ್ಲಿ ನಾಲ್ಕನೆಯದು ತನ್ನ ಗುಣದೋಷಗಳ ಸ್ಟಾಕ್ ತೆಗೆಯುವುದು. ಐದನೆಯದು ಅದನ್ನು ದೇವರಿಗೆ, ತನಗೆ, ಇನ್ನೊಬ್ಬ ಮನುಷ್ಯನಿಗೆ ಹೇಳುವುದು. ಸ್ಟಾಕ್ ನೋಡದ ಅಂಗಡಿ ದಿವಾಳಿ ಆಗುತ್ತದೆ ಅಂತ 1939ರ ಅವರ ಪುಸ್ತಕದಲ್ಲೇ ಇದೆ. ಪುರಂದರದಾಸರು ಓದಿದ್ದರೆ ತಲೆ ಆಡಿಸುತ್ತಿದ್ದರು. 1950ರ ದಶಕದಲ್ಲೇ ಇದು ಮುಂಬಯಿಗೂ ಬಂತು.

ಮನಶ್ಶಾಸ್ತ್ರದವರು ಇನ್ನೊಂದು ಹೆಜ್ಜೆ ಹೋದರು. ನಾನಿರುವ ಹಾಗೇ ನನ್ನನ್ನು ಒಪ್ಪಿಕೊಂಡಾಗಲೇ ಬದಲಾಗೋಕೆ ಸಾಧ್ಯ ಅಂತ ಕಾರ್ಲ್ ರೋಜರ್ಸ್ 1961ರಲ್ಲಿ ಬರೆದರು. ಆಲ್ಬರ್ಟ್ ಎಲ್ಲಿಸ್ ಹೇಳಿದ್ದು, ಮಾಡಿದ ಕೆಲಸಕ್ಕೆ ಮಾರ್ಕು ಹಾಕಿ, ಇಡೀ ಮನುಷ್ಯನಿಗೆ ಹಾಕಬೇಡಿ ಅಂತ. ಈಗ ರೀಲ್ಸ್‌ಗಳಲ್ಲಿ ಇದರ ಅರ್ಧ ಮಾತ್ರ ಓಡಾಡುತ್ತಿದೆ: 'ನಾನಿರೋದೇ ಹೀಗೆ'. 40 ರೂಪಾಯಿ ಕಡಿಮೆ ಇದೆ, ಇರಲಿ ಬಿಡಿ ಅಂದ ಹಾಗಾಯಿತು. ಮಾವ ಅಷ್ಟಕ್ಕೆ ಬಿಟ್ಟಿರಲಿಲ್ಲ. ತರಕಾರಿ ಸಾಲು ಹೊಡೆದು ನನ್ನ ಹೆಸರಲ್ಲಿ ಬರೆಸಿದರು. ತಿಂಗಳಿಗೆ ಹತ್ತರಂತೆ ಪಗಾರದಲ್ಲಿ ಹಿಡಿದು, ನಾಲ್ಕನೇ ತಿಂಗಳು 'ಚುಕ್ತಾ' ಅಂತ ಗೀಟು ಎಳೆದರು. ಗಲ್ಲಾದಿಂದ ಎಬ್ಬಿಸಲಿಲ್ಲ.

ಈಗ ನಾನಿರುವುದು ಡೊಂಬಿವಲಿಯಲ್ಲಿ. ಶನಿವಾರ ಭಜನೆ ಇರುತ್ತದೆ. ಮೊನ್ನೆ ಮಂಗಳಾರತಿ ಆಗಿ ಎಲ್ಲರೂ ಕೈಮುಗಿದು 'ಅಪರಾಧ ಸಹಸ್ರಾಣಿ' ಅಂದೆವು. ಸಾವಿರಾರು ಅಪರಾಧ ಮಾಡಿದ್ದೇನೆ ಅಂತ ಹಾಲ್ ತುಂಬಾ ಹೇಳಿದರೂ ಯಾರ ಮುಖವೂ ಬದಲಾಗಲಿಲ್ಲ. ಆಮೇಲೆ ಲೆಕ್ಕ ಓದಲು ಎದ್ದ ನಮ್ಮ ಖಜಾಂಚಿ, "350 ರೂಪಾಯಿ ತಾಳೆ ಆಗ್ತಾ ಇಲ್ಲ. ರಸೀದಿ ನಾನೇ ಎಲ್ಲೋ ಕಳೆದಿದ್ದೇನೆ" ಅಂದರು. ಹಾಲ್ ಗಪ್‌ಚುಪ್. ಫ್ಯಾನಿನ ಸದ್ದು ಮಾತ್ರ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಕೇಳಿದರು, "ಪ್ರಸಾದ ಹಂಚೋಣ್ವಾ?"