ಡ್ರಮ್ಮಿನ ಸೊಳ್ಳೆ, ಹಳದಿ ಕಾರ್ಡು

ನನ್ನ ಚಿಕ್ಕಪ್ಪನ ಮಗ ಕಲಬುರಗಿಯಲ್ಲಿ ತೊಗರಿ ವ್ಯಾಪಾರದವನು. ಕಾಳಿನ ವ್ಯವಹಾರಕ್ಕೆಂದೇ ಮೂರು ತಿಂಗಳ ಮಟ್ಟಿಗೆ ಕೀನ್ಯಾದ ಮೊಂಬಾಸಾಕ್ಕೆ ಹೊರಟ. “ಹಳದಿ ಜ್ವರದ್ದು ಸೂಜಿ ಮಾಡಿಸ್ಕೋಬೇಕಂತ” ಎಂದಾಗ ಚಿಕ್ಕಮ್ಮ ರೊಟ್ಟಿ ಬಡಿಯುತ್ತಲೇ, “ಕಾಮಣಿಗ್ಯಾಕೋ ಸೂಜಿ? ನಾಟಿ ಔಷಧ ಕೊಡೋರು ಇಲ್ಲೇ ಅದಾರಲ್ಲ” ಅಂದರು.

ಚಿಕ್ಕಮ್ಮ ಅದನ್ನು ಕಾಮಣಿ, ಅಂದರೆ ಕಾಮಾಲೆ, ಎಂದುಕೊಂಡಿದ್ದರು. ಇದು ಸೊಳ್ಳೆಯಿಂದ ಹರಡುವ ಬೇರೆಯೇ ವೈರಸ್ ಜ್ವರ. ನಮ್ಮವನ ತಕರಾರು ಬೇರೆ ಇತ್ತು. ಮೊಂಬಾಸಾದಲ್ಲಿ ಹಳದಿ ಜ್ವರವೇ ಇಲ್ಲವಂತೆ, ಮತ್ತೆ ಸೂಜಿ ಯಾಕೆ? ಮಾತು ಸುಳ್ಳಲ್ಲ. ನೈರೋಬಿ, ಮೊಂಬಾಸಾ ನಗರಗಳಿಗಷ್ಟೇ ಹೋಗಿ ಬರುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯೂ ಸಾಮಾನ್ಯವಾಗಿ ಈ ಲಸಿಕೆಯನ್ನು ಸೂಚಿಸುವುದಿಲ್ಲ. ಆದರೆ ಭಾರತ ಸರ್ಕಾರ ಕೀನ್ಯಾವನ್ನು ಇಡಿಯಾಗಿ ಹಳದಿ ಜ್ವರದ ದೇಶಗಳ ಪಟ್ಟಿಗೆ ಸೇರಿಸಿದೆ. ಅಲ್ಲಿಂದ ಮರಳುವಾಗ ಲಸಿಕೆ ಹಾಕಿಸಿಕೊಂಡದ್ದಕ್ಕೆ ಪುರಾವೆಯಾದ ಹಳದಿ ಕಾರ್ಡು ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇಷ್ಟು ಬಿಗಿ ಯಾಕೆ ಎಂಬುದಕ್ಕೆ ಉತ್ತರ ಅವನ ಮನೆಯ ಅಂಗಳದ ನೀಲಿ ಡ್ರಮ್ಮಿನಲ್ಲಿದೆ.

ನಮ್ಮಲ್ಲಿ ನಳದ ನೀರು ಬರುವುದು ದಿನಗಳ ಲೆಕ್ಕದಲ್ಲಿ. ಬ್ಯಾಸಗಿಯಲ್ಲಂತೂ ಕೇಳುವುದೇ ಬೇಡ. ಹಾಗಾಗಿ ಡ್ರಮ್ಮು, ತೊಟ್ಟಿ, ಕೊಡ ಎಲ್ಲವೂ ತುಂಬಿರಬೇಕು. ಕಾಲಿಗೆ ಬಿಳಿ ಪಟ್ಟೆಯಿರುವ, ಹಗಲಲ್ಲೇ ಕಚ್ಚುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತವರುಮನೆ ಇನ್ನೊಂದಿಲ್ಲ. ಅದರ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದರೂ ಸಾಯುವುದಿಲ್ಲ. ನೀರು ತಾಗಿತೋ, ಒಡೆಯಿತು. ಅದಕ್ಕೇ ನೀರು ಚೆಲ್ಲಿದರೆ ಸಾಲದು, ಗೋಡೆ ತಿಕ್ಕಬೇಕು ಎನ್ನುವುದು. ನಮಗೆ ಡೆಂಗಿ ತರುವ ಈ ಸೊಳ್ಳೆಯೇ ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಊರುಗಳಲ್ಲಿ ಹಳದಿ ಜ್ವರ ಹರಡುತ್ತದೆ. ಎರಡೂ ವೈರಸ್‌ಗಳು ಒಂದೇ ಮನೆತನದವು.

ಅಂದರೆ ಸೊಳ್ಳೆ ನಮ್ಮಲ್ಲಿದೆ, ವೈರಸ್ ಇಲ್ಲ. ವೈರಸ್ ಮೈಹೊಕ್ಕ ಮೂರರಿಂದ ಆರು ದಿನಕ್ಕೆ ಜ್ವರ ಕಾಣಿಸಿಕೊಳ್ಳುತ್ತದೆ. ಆರು ದಿನದ ನಿಗಾ ಬಂದದ್ದು ಈ ಲೆಕ್ಕದಿಂದ. ಜ್ವರದ ಮೊದಲ ಮೂರು-ನಾಲ್ಕು ದಿನ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಆಗ ನಮ್ಮ ಡ್ರಮ್ಮಿನ ಸೊಳ್ಳೆ ಕಚ್ಚಿದರೆ, ಸುಮಾರು ಹತ್ತು-ಹನ್ನೆರಡು ದಿನದ ಮೇಲೆ ಅದು ಪಕ್ಕದ ಮನೆಗೆ ರೋಗ ಹಂಚಬಲ್ಲದು. ಏಷ್ಯಾದಲ್ಲಿ ಈ ಜ್ವರ ಇದುವರೆಗೆ ಬೇರೂರಿಲ್ಲ. ಬೀದರದ ಹಬ್ಶಿ ಕೋಟ್ ಗುಡ್ಡದ ಗೋರಿಗಳನ್ನು ನೋಡಿದಾಗಲೆಲ್ಲ ನನಗೆ ಇದು ಸೋಜಿಗ. ಆಫ್ರಿಕದ ಜನ ಕಡಲು ದಾಟಿ ಇಲ್ಲಿಗೆ ಬಂದು ಶತಮಾನಗಳೇ ಆದವು, ಜ್ವರ ಮಾತ್ರ ಬರಲಿಲ್ಲ. ಹಾಯಿಹಡಗಿನ ನಿಧಾನವೇ ಕಾಪಾಡಿರಬಹುದು, ಡೆಂಗಿ ಬಂದುಹೋದ ಮೈಯ ಪ್ರತಿರೋಧವೂ ಇರಬಹುದು ಎಂಬ ತರ್ಕಗಳಿವೆ, ಯಾವುದೂ ಇತ್ಯರ್ಥವಾಗಿಲ್ಲ. ವಿಮಾನಕ್ಕೆ ಆ ನಿಧಾನವಿಲ್ಲ. 2016ರಲ್ಲಿ ಅಂಗೋಲಾದಿಂದ ಮರಳಿದ 11 ಮಂದಿಯೊಂದಿಗೆ ಹಳದಿ ಜ್ವರ ಚೀನಾಕ್ಕೆ ಬಂದಿಳಿಯಿತು. ಅದೃಷ್ಟಕ್ಕೆ ಅಲ್ಲಿಗೇ ನಿಂತಿತು.

ಲಸಿಕೆಯ ಕಥೆ ಇನ್ನೂ ಚೆಂದ. 1927ರಲ್ಲಿ ಈಗಿನ ಘಾನಾದ ಅಸಿಬಿ ಎಂಬ ರೋಗಿಯ ರಕ್ತದಿಂದ ವೈರಸ್ ಬೇರ್ಪಡಿಸಿದರು. ಆತ ಬದುಕಿಕೊಂಡ. ಆ ವೈರಸ್ಸನ್ನು ಮ್ಯಾಕ್ಸ್ ಥೈಲರ್ ಮತ್ತು ಸಂಗಡಿಗರು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಒಂದರಿಂದೊಂದಕ್ಕೆ ನೂರಕ್ಕೂ ಹೆಚ್ಚು ಸಲ ದಾಟಿಸಿದರು. ಕೋಳಿಯ ಕೋಶಕ್ಕೆ ಒಗ್ಗುತ್ತ ಒಗ್ಗುತ್ತ ಅದು ಮನುಷ್ಯನನ್ನು ಕೊಲ್ಲುವ ಕಸುವು ಕಳೆದುಕೊಂಡಿತು. 1937ರಲ್ಲಿ ಹೊರಬಂದ ಈ ‘17ಡಿ’ ತಳಿಗಾಗಿ ಥೈಲರ್‌ಗೆ 1951ರ ನೊಬೆಲ್ ಸಂದಿತು. ಇಂದಿಗೂ ಹಾಕುವುದು ಅದರ ವಂಶದ್ದನ್ನೇ. ಬದುಕಿರುವ ವೈರಸ್ ಆದ್ದರಿಂದ ಗರ್ಭಿಣಿಯರು, ಅರವತ್ತು ದಾಟಿದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಮೊಟ್ಟೆಯ ತೀವ್ರ ಅಲರ್ಜಿ ಇದ್ದವರಿಗೆ ಕೊಡುವುದಿಲ್ಲ.

ಈ ಸೂಜಿ ಎಲ್ಲ ದವಾಖಾನೆಯಲ್ಲೂ ಸಿಗುವುದಿಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರಕ್ಕೇ ಹೋಗಬೇಕು. ನಮ್ಮವನು ರೈಲು ಹತ್ತಿ ಹೈದರಾಬಾದಿನ ನಾರಾಯಣಗುಡಾಕ್ಕೆ ಹೋಗಿಬಂದ. ಕಾರ್ಡಿಗೆ ಬೆಲೆ ಬರುವುದು ಹತ್ತು ದಿನ ಕಳೆದ ಮೇಲೆ, ಏಕೆಂದರೆ ಮೈಯಲ್ಲಿ ಪ್ರತಿಕಾಯಗಳು ಹುಟ್ಟಲು ಅಷ್ಟು ಕಾಲ ಬೇಕು. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಹತ್ತು ವರ್ಷಕ್ಕೊಮ್ಮೆ ಎಂಬ ಹಳೇ ನಿಯಮ 2016ರ ಜುಲೈಯಲ್ಲಿ ಹೋಯಿತು. ಹಜ್‌ಗೆ ಹೊರಡುವವರಿಗೆ ಕಡ್ಡಾಯವಾಗಿರುವ ಮೆನಿಂಜೈಟಿಸ್ ಲಸಿಕೆಗೂ ಇದೇ ಹತ್ತು ದಿನದ ಗಡುವು. ಕೊನೆಯ ವಾರ ಓಡಾಡುವುದು ನಮ್ಮ ಜನರ ಹಳೇ ಚಾಳಿ.

ಚಿಕ್ಕಮ್ಮನ ಕಾಮಣಿಯನ್ನೂ ತಳ್ಳಿಹಾಕುವಂತಿಲ್ಲ. ಕೊಳಕು ನೀರಿನಿಂದ ಬಂದು ಕಾಮಣಿ ತರುವ ಹೆಪಟೈಟಿಸ್ ‘ಎ’ ನಮ್ಮಲ್ಲಿ ಬೆಳೆದ ಬಹುಪಾಲು ಹಿರಿಯರಿಗೆ ಚಿಕ್ಕಂದಿನಲ್ಲೇ ಗೊತ್ತಾಗದಂತೆ ಬಂದುಹೋಗಿರುತ್ತದೆ. ದುಬೈಯಲ್ಲೋ ಅಮೆರಿಕದಲ್ಲೋ ಹುಟ್ಟಿದ ಮೊಮ್ಮಕ್ಕಳಿಗೆ ಆ ರಕ್ಷಣೆ ಇಲ್ಲ. ಶರಣಬಸವೇಶ್ವರ ಜಾತ್ರೆಗೆ ಬಂದು ಐಸು ಹಾಕಿದ ಕಬ್ಬಿನ ಹಾಲು ಕುಡಿಯುವ ಆ ಮಕ್ಕಳಿಗೆ ಕಲಬುರಗಿಯೇ ಪರದೇಶ. ಹೆಪಟೈಟಿಸ್ ‘ಎ’, ಟೈಫಾಯ್ಡ್ ಲಸಿಕೆ ಹಾಕಿಸಿಯೇ ಕರೆತರುವುದು ಮೇಲು.

ಮೊಂಬಾಸಾದಲ್ಲಿ ನಮ್ಮವನಿಗೆ ನಿಜವಾದ ಅಪಾಯ ಮಲೇರಿಯಾದ್ದು. ಪ್ರವಾಸಿಗರಿಗೆ ಅದಕ್ಕೆ ಲಸಿಕೆಯಿಲ್ಲ. ಗುಳಿಗೆ, ಸೊಳ್ಳೆಪರದೆಯೇ ಗತಿ. ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದು, ಮರಳಿದ ಮೇಲೂ ನಾಲ್ಕು ವಾರ ನುಂಗಬೇಕೆಂದು ಹೇಳಿದ್ದರು. ರೋಗಾಣು ಮೊದಲು ಯಕೃತ್ತಿನಲ್ಲಿ ಅಡಗಿದ್ದು ಆಮೇಲೆ ರಕ್ತಕ್ಕಿಳಿಯುತ್ತದೆ, ಈ ಗುಳಿಗೆ ಹಿಡಿಯುವುದು ರಕ್ತಕ್ಕಿಳಿದದ್ದನ್ನು. ಊರಿಗೆ ಬಂದವನೇ ನಿಲ್ಲಿಸಿಬಿಟ್ಟ. ಮೂರನೇ ವಾರ ಮೈ ಗಡಗಡ ನಡುಗಿತು. ದವಾಖಾನೆಯಲ್ಲಿ ಡೆಂಗಿ ಪರೀಕ್ಷೆ ಮಾಡಿ, ಇಲ್ಲವೆಂದು ಜ್ವರದ ಗುಳಿಗೆ ಕೊಟ್ಟು ಕಳಿಸುವುದರಲ್ಲಿದ್ದರು. “ಅಂವ ಆಫ್ರಿಕಾದಿಂದ ಬಂದಾನ್ರೀ” ಎಂದವರು ಚಿಕ್ಕಮ್ಮ. ಆಮೇಲೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ನೋಡಿದರು. ಫಾಲ್ಸಿಪಾರಮ್, ಮಲೇರಿಯಾದಲ್ಲೇ ಹೆಚ್ಚು ಅಪಾಯದ ಬಗೆ. ವಾರದಲ್ಲಿ ಚೇತರಿಸಿಕೊಂಡ, ಉಳಿದ ಗುಳಿಗೆಗಳು ಸೂಟ್‌ಕೇಸಿನಲ್ಲಿ ಹಾಗೇ ಇದ್ದವು.