#ಇಫ್ ಸಾಲಿನ ಲೆಕ್ಕ ತಪ್ಪಿದಾಗ

ಸಿ ಭಾಷೆಯ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ನ ಬಗ್ ಸರಿಪಡಿಸುವುದು ನನ್ನ ಕೆಲಸ. ಅದರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಪ್ರಿಪ್ರೊಸೆಸರ್‌ನ, ಅಂದರೆ ಕಂಪೈಲ್ ಆಗುವ ಮೊದಲೇ ಕೋಡ್ ಸಿದ್ಧಪಡಿಸುವ ಭಾಗದ ಲೆಕ್ಕ. #ಇಫ್ ಸಾಲಿನ ಲೆಕ್ಕ ನಿಜವಾದರೆ ಅದು ಕೆಳಗಿನ ಕೋಡ್ ಉಳಿಸುತ್ತದೆ, ಸುಳ್ಳಾದರೆ ಬಿಟ್ಟುಬಿಡುತ್ತದೆ. ಬೇರೆ ಕಡೆ ಲೆಕ್ಕ ತಪ್ಪಿದರೆ ಉತ್ತರ ನೋಡಿ ಪತ್ತೆ ಹಚ್ಚಬಹುದು. #ಇಫ್ ಸಾಲಿನಲ್ಲಿ ತಪ್ಪಿ ಸುಳ್ಳು ಎಂದಾದರೆ ಅದರ ಕೆಳಗಿನ ಕೋಡ್ ಕಂಪೈಲರ್ ಕಣ್ಣಿಗೇ ಬೀಳುವುದಿಲ್ಲ. ಎಷ್ಟೋ ಸಲ ಎರರ್ ಇರಲಿ, ವಾರ್ನಿಂಗ್ ಕೂಡ ಬರುವುದಿಲ್ಲ.

ಈ ಸಾಲು ನೋಡಿ: #ಇಫ್ -1 > 0ಯು. ಸುಳ್ಳು ಅನ್ನಿಸುತ್ತದೆ, ಅಲ್ವಾ? ಸಿ ನಿಯಮದ ಪ್ರಕಾರ ನಿಜ. ಯು ಅಂದರೆ ಅನ್‌ಸೈನ್ಡ್, ಮೈನಸ್ ಬೆಲೆಯೇ ಇಲ್ಲದ ಸಂಖ್ಯೆ. ಪಕ್ಕದಲ್ಲಿರುವ -1 ಕೂಡ ಅನ್‌ಸೈನ್ಡ್ ಆಗಿಬಿಡುತ್ತದೆ. 64 ಬಿಟ್‌ನಲ್ಲಿ ಅದು 18446744073709551615. ನನ್ನ ಕೈಗೆ ಬಂದ ಒಂದು ಕಂಪೈಲರ್ ಎಲ್ಲ ಸಂಖ್ಯೆಯನ್ನೂ ಸೈನ್ಡ್ (ಮೈನಸ್ ಕೂಡ ಇರಬಹುದಾದದ್ದು) ಎಂದೇ ಇಟ್ಟುಕೊಂಡಿತ್ತು. ಪ್ರತಿ ಬೆಲೆಯ ಜೊತೆ ಅದು ಅನ್‌ಸೈನ್ಡ್ ಹೌದೋ ಅಲ್ಲವೋ ಎಂಬ ಗುರುತನ್ನೂ ಹೊತ್ತು ಸಾಗುವ ಹಾಗೆ ಬದಲಾಯಿಸಿದೆ.

ಅಷ್ಟಕ್ಕೇ ಮುಗಿಯಲಿಲ್ಲ. (1 ? -1 : 0ಯು) > 0 ಎಂದು ಬರೆದರೆ? ? ಮುಂಚಿನ 1 ಅಂದರೆ ನಿಜ, ಹಾಗಾಗಿ : ಗುರುತಿನ ಎರಡು ಬದಿಗಳಲ್ಲಿ ಆರಿಸುವುದು ಮೊದಲಿನ -1 ಅನ್ನೇ. ಆದರೂ ಆರಿಸದ 0ಯು ಇಡೀ ಉತ್ತರವನ್ನು ಅನ್‌ಸೈನ್ಡ್ ಮಾಡುತ್ತದೆ. ಹಾಗಾಗಿ ಬಿಟ್ಟ ಕವಲನ್ನೂ ಓದಲೇಬೇಕು. ಆದರೆ 0 && 1/0 ಬಂದಾಗ ಸೊನ್ನೆಯಿಂದ ಭಾಗಿಸಿದಿರಿ ಎಂದು ಗದರುವ ಹಾಗಿಲ್ಲ. ಎರಡೂ ನಿಜ ಆಗಬೇಕಾದ ಕಡೆ ಮೊದಲನೆಯದೇ 0, ಅಂದರೆ ಸುಳ್ಳು; 1/0 ಲೆಕ್ಕಕ್ಕೇ ಬರುವುದಿಲ್ಲವಲ್ಲ! 'ಟೈಪ್ ನೋಡು, ದೂರು ಹೇಳಬೇಡ' ಎನ್ನುವ ಒಂದು ಕೌಂಟರ್ ಇಟ್ಟ ಮೇಲೆ ಎರಡೂ ಸರಿಹೋದವು.

ಇನ್ನೊಂದು ಬಗ್ ಅಗಲದ್ದು, ಅಂದರೆ ಸಂಖ್ಯೆಗೆ ಎಷ್ಟು ಬಿಟ್ ಎಂಬುದರದ್ದು. ಸಿ ಭಾಷೆಯ ಹಳೇ ನಿಯಮಾವಳಿ ಸಿ89ರಲ್ಲಿ ಈ ಲೆಕ್ಕ ಲಾಂಗ್ ಎಂಬ ಪೂರ್ಣಾಂಕ ಟೈಪ್‌ನಲ್ಲಿ ನಡೆಯುತ್ತಿತ್ತು. ಅದರ ನಂತರದ ಸಿ99ರಿಂದ ಕನಿಷ್ಠ 64 ಬಿಟ್ ಬೇಕು. ನಮ್ಮ ಹಳೇ ಕೋಡ್ ಲಾಂಗ್ ಅನ್ನೇ ನಂಬಿತ್ತು. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 64 ಬಿಟ್, ವಿಂಡೋಸ್‌ನಲ್ಲಿ 32. ಒಂದೇ ಫೈಲ್, ಎರಡು ಮಷೀನ್, ಎರಡು ಉತ್ತರ.

ಭಾಗಾಕಾರದಲ್ಲಂತೂ ಕಂಪೈಲರೇ ಸತ್ತುಹೋಗುತ್ತಿತ್ತು. (-9223372036854775807 - 1) / -1 ಕೊಟ್ಟು ನೋಡಿ. ಉತ್ತರ 64 ಬಿಟ್‌ನಲ್ಲಿ ಹಿಡಿಸುವುದಿಲ್ಲ, ಎಕ್ಸ್86 ಪ್ರೊಸೆಸರ್ ಅಲ್ಲೇ ಟ್ರ್ಯಾಪ್ ಹೊಡೆಯುತ್ತದೆ, ಅಂದರೆ ಕೆಲಸ ತಡೆದು ನಿಲ್ಲಿಸುತ್ತದೆ. ಶೇಷ ತೆಗೆಯುವ % ಕೂಡ ಹಾಗೇ, ಅದರ ಉತ್ತರ ಬರೀ 0 ಆಗಿದ್ದರೂ! ಭಾಜಕ -1 ಆದರೆ ಭಾಗಿಸುವ ಗೋಜಿಗೇ ಹೋಗದೆ, ಭಾಗಲಬ್ಧಕ್ಕೆ ಅನ್‌ಸೈನ್ಡ್‌ನಲ್ಲಿ ಚಿಹ್ನೆ ತಿರುಗಿಸುತ್ತೇನೆ, ಶೇಷಕ್ಕೆ ನೇರ 0 ಕೊಡುತ್ತೇನೆ; ಭಾಗಲಬ್ಧ 64 ಬಿಟ್‌ನಲ್ಲಿ ಹಿಡಿಸದಿದ್ದರೆ ಓವರ್‌ಫ್ಲೋ (ಜಾಗ ಮೀರಿತು) ಎಂದು ಎಚ್ಚರಿಸುತ್ತೇನೆ.

ಕೂಡುವುದೂ ಅನ್‌ಸೈನ್ಡ್‌ನಲ್ಲೇ. ಸೈನ್ಡ್ ಬೆಲೆಗಳನ್ನು ಹೀಗೆ ಕೂಡಿದ ಮೇಲೆ, ಎರಡರ ಚಿಹ್ನೆ ಒಂದೇ ಇದ್ದು ಮೊತ್ತದ ಚಿಹ್ನೆ ಬೇರೆ ಆದರೆ ಓವರ್‌ಫ್ಲೋ. ಸೈನ್ಡ್‌ನಲ್ಲಿ ಕೂಡಿ ಆಮೇಲೆ ಪರೀಕ್ಷಿಸಿದರೆ, ನಮ್ಮ ಕಂಪೈಲರನ್ನು ಕಟ್ಟುವ ಕಂಪೈಲರ್, ಸೈನ್ಡ್‌ನಲ್ಲಿ ಓವರ್‌ಫ್ಲೋ ಆಗುವುದೇ ಇಲ್ಲ ಎಂದುಕೊಂಡು ಆ ಪರೀಕ್ಷೆಯನ್ನೇ ಅಳಿಸಿಹಾಕಬಹುದು.

ಈಗ ನನ್ನ ಪ್ರತಿ ಟೆಸ್ಟ್‌ನಲ್ಲೂ ನಿಜ ಆಗಲೇಬೇಕಾದ ಒಂದು #ಇಫ್, ಅದು ಸುಳ್ಳಾದರೆ ಹಿಡಿಯುವ #ಎಲ್ಸ್, ಅದರ ಕೆಳಗೆ ಕಂಪೈಲ್ ನಿಲ್ಲಿಸುವ ಒಂದು #ಎರರ್ ಸಾಲು ಇರುತ್ತದೆ. ಲೆಕ್ಕ ದಾರಿ ತಪ್ಪಿದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.